ಮಂಟಪದ ಮೂತ್ರ, ಆಗರದ ನೀರು: ರಂಜಕ ತೆಗೆದ ನನ್ನ ಅನುಭವ

ಈ ವರ್ಷ ನನ್ನ ನರ್ಸರಿಗೆ ರಂಜಕದ (ಫಾಸ್ಫರಸ್) ಗೊಬ್ಬರ ಅಂತ ಹೊರಗಿನಿಂದ ಒಂದು ಕಾಳೂ ತಂದಿಲ್ಲ. ಡಿಎಪಿ ಇಲ್ಲ, ಸೂಪರ್ ಫಾಸ್ಫೇಟ್ ಇಲ್ಲ, ನರ್ಸರಿಯವರು ಕೊಳ್ಳುವ ಆ ದುಬಾರಿ ಗುಳಿಗೆಯೂ ಇಲ್ಲ. ಕಾಳುಮೆಣಸಿನ ಬಳ್ಳಿಗೂ ಅಡಿಕೆ ಸಸಿಗೂ ಬೇಕಾದ ರಂಜಕ ಪೂರ್ತಿ ಹಿತ್ತಲಿನ ನೀಲಿ ಡ್ರಮ್ಮುಗಳಿಂದಲೇ ಬಂತು. ಡ್ರಮ್ಮಿಗೆ ಬಂದದ್ದು ಪಕ್ಕದ ಕಲ್ಯಾಣ ಮಂಟಪದ ಗಂಡಸರ ಮೂತ್ರಾಲಯದಿಂದ. ನಗುವವರು ಈಗಲೇ ನಕ್ಕುಬಿಡಿ. ನಮ್ಮೂರಲ್ಲಿ ಎರಡು ಮೂರು ವರ್ಷ ಬಾಯ್ತುಂಬಾ ನಕ್ಕಿದ್ದಾರೆ. ಈಗ ಅವರಲ್ಲೇ ಕೆಲವರು "ಒಂದು ಅರ್ಧ ಕೆಜಿ ಪುಡಿ ಇದ್ರೆ ಕೊಡಿ ಮಾರಾಯ್ರೆ" ಅಂತ ಬರುತ್ತಾರೆ.

ಜೀವಾಮೃತ, ಗೋಬರ್ ಗ್ಯಾಸ್, ಎರೆಗೊಬ್ಬರ ಮಾಡಿ ಕೈ ಪಳಗಿದವರಿಗೆ ಇದನ್ನು ಬರೆಯುತ್ತಿದ್ದೇನೆ. ಹಾಗಾಗಿ ಪಾಠ ಮಾಡುವುದಿಲ್ಲ. ಮೆಗ್ನೀಷಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಒಂದಕ್ಕೊಂದು ಸೇರಿ ಸ್ಟ್ರುವೈಟ್ ಅನ್ನುವ ಬಿಳಿ ಹರಳಾಗುತ್ತದೆ. ಹಳಸಿದ ಮೂತ್ರದಲ್ಲಿ ಅಮೋನಿಯಾ ಬೇಕಾದಷ್ಟಿದೆ, ಫಾಸ್ಫೇಟ್ ಇದೆ. ಇಲ್ಲದ್ದು ಮೆಗ್ನೀಷಿಯಂ. ಅದನ್ನು ಹಾಕಿ ಕಲಕಿದರೆ ಹರಳು ತಳಕ್ಕೆ ಇಳಿಯುತ್ತದೆ. ಕೆಲವರಿಗೆ ಮೂತ್ರಕೋಶದಲ್ಲಿ ಕಲ್ಲಾಗುವುದೂ ಇದೇ ಹರಳೇ. ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಪುಸ್ತಕದಲ್ಲಿ ಇಲ್ಲದ್ದು ಫಿನಾಯಿಲ್, ಹಿತ್ತಾಳೆ ನಲ್ಲಿ ಮತ್ತು ಭಾವನ ಬಾಯಿ.

ಹುಚ್ಚು ಹತ್ತಿದ್ದು 2021ರಲ್ಲಿ. ಆ ವರ್ಷ ಚೀನಾ ರಂಜಕದ ಗೊಬ್ಬರ ಹೊರಗೆ ಕಳಿಸುವುದಕ್ಕೆ ತಡೆ ಹಾಕಿತ್ತು. ಡಿಎಪಿ ಸಿಗುವುದೇ ಕಷ್ಟ. ಸರ್ಕಾರ ಚೀಲಕ್ಕೆ 500 ರೂಪಾಯಿ ಇದ್ದ ಸಬ್ಸಿಡಿಯನ್ನು ಒಂದೇ ಸಲ 1200ಕ್ಕೆ ಏರಿಸಬೇಕಾಯಿತು. ನಮ್ಮ ದೇಶದಲ್ಲಿ ಉದಯಪುರದ ಹತ್ತಿರ ಝಾಮರಕೋಟ್ರಾ ಗಣಿ ಬಿಟ್ಟರೆ ಒಳ್ಳೆ ದರ್ಜೆಯ ರಂಜಕದ ಕಲ್ಲು ಹೆಚ್ಚು ಕಡೆ ಇಲ್ಲ. ಉಳಿದದ್ದೆಲ್ಲಾ ಮೊರಾಕ್ಕೊ, ಜೋರ್ಡಾನ್ ಕಡೆಯಿಂದ ಹಡಗಿನಲ್ಲಿ ಬರಬೇಕು. ಬಂದ ಕಲ್ಲನ್ನು ಗಂಧಕಾಮ್ಲದಲ್ಲಿ ಕರಗಿಸಬೇಕು. ಒಂದು ಟನ್ ರಂಜಕಾಮ್ಲಕ್ಕೆ ಸುಮಾರು ಐದು ಟನ್ ಜಿಪ್ಸಂ ಕಸ ಉಳಿಯುತ್ತದೆ. ಇಷ್ಟೆಲ್ಲಾ ಮಾಡಿ ತಂದದ್ದನ್ನು ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಹಾಕಿದರೆ ಅರ್ಧಕ್ಕರ್ಧ ಕಬ್ಬಿಣ, ಅಲ್ಯುಮಿನಿಯಂ ಹಿಡಿದು ಕೂರುತ್ತವೆ. ಗಿಡಕ್ಕೆ ಸಿಕ್ಕಿ, ಅಲ್ಲಿಂದ ನಮ್ಮ ಹೊಟ್ಟೆಗೆ ಬಂದದ್ದು ಗುಂಡಿಗೆ ಹೋಗುತ್ತದೆ. ಮನುಷ್ಯ ಹೊರಗೆ ಹಾಕುವ ರಂಜಕದಲ್ಲಿ ಅರ್ಧಕ್ಕಿಂತ ಜಾಸ್ತಿ ಮೂತ್ರದಲ್ಲೇ ಇರುತ್ತದೆ, ಅಲ್ವಾ? ಅದನ್ನು ಹಿಡಿಯಬೇಕು ಅನ್ನಿಸಿತು.

ಮೊದಲ ತಲೆನೋವು ಮೂತ್ರ ಸಿಗುವುದು. ಮನೆಯಲ್ಲಿ ನಾಲ್ಕು ಜನರ ಲೆಕ್ಕ ಹಿಡಿದರೆ ಒಂದು ಡ್ರಮ್ಮು ತುಂಬುವುದಕ್ಕೆ ತಿಂಗಳ ಮೇಲಾಗುತ್ತದೆ. ಜೊತೆಗೆ ಮನೆಯವರ ಸಿಟ್ಟು ಬೇರೆ. ಶಾಲೆಯಲ್ಲಿ ಕೇಳಿದೆ, ಹೆಡ್ ಮಾಸ್ತರರು ನನ್ನ ಮುಖವನ್ನೇ ನೋಡಿದರು. ಕೊನೆಗೆ ಸಿಕ್ಕಿದ್ದು ಮಂಟಪ. ಅವರ ಗುಂಡಿ ಮದುವೆ ಸೀಸನ್ನಿನಲ್ಲಿ ತುಂಬಿ, ಸಕ್ಕಿಂಗ್ ಗಾಡಿಗೆ ಸಲಕ್ಕೆ ಮೂರು ಸಾವಿರ ಕೊಡುತ್ತಿದ್ದರು. "ಮೂತ್ರವನ್ನು ಬೇರೆ ಪೈಪಿನಲ್ಲಿ ನಾನು ಒಯ್ಯುತ್ತೇನೆ, ನಿಮ್ಮ ಗುಂಡಿ ಅಷ್ಟು ಬೇಗ ತುಂಬುವುದಿಲ್ಲ" ಅಂದೆ. ಮಂಟಪದ ಯಜಮಾನರು ಲೆಕ್ಕದ ಮನುಷ್ಯ. ಖರ್ಚೆಲ್ಲಾ ನನ್ನದೇ ಅಂದಕೂಡಲೇ ಒಪ್ಪಿದರು.

ಐದು ಬೇಸಿನ್ನಿನ ಕೆಳಗಿನ ಪೈಪು ಬೇರೆ ಮಾಡಿ, ಗೋಡೆ ದಾಟಿಸಿ, ನನ್ನ ಕಡೆ 200 ಲೀಟರಿನ ಡ್ರಮ್ಮುಗಳಿಗೆ ಇಳಿಸಿದೆ. ನೀರು ಬಿಡುವುದನ್ನು ನಿಲ್ಲಿಸಿ, ವಾಸನೆ ತಡೆಯುವುದಕ್ಕೆ ಬೇಸಿನ್ನಿನ ತೂತಿಗೆ ಟೇಬಲ್ ಟೆನ್ನಿಸ್ ಚೆಂಡು ಇಟ್ಟೆ. ಮೂತ್ರ ಬಂದಾಗ ಚೆಂಡು ತೇಲುತ್ತದೆ, ನಿಂತ ಮೇಲೆ ಕೂರುತ್ತದೆ. ದೆಹಲಿ ಐಐಟಿಯಲ್ಲಿ ನೀರಿಲ್ಲದ ಮೂತ್ರಾಲಯಕ್ಕೆ ಇದಕ್ಕಿಂತ ಚೆಂದದ ಸಾಧನ ಮಾಡಿದ್ದಾರೆ, ಆದರೆ ಚೆಂಡು ಇಪ್ಪತ್ತು ರೂಪಾಯಿಗೆ ಸಿಗುತ್ತದೆ. ಮಕ್ಕಳು ಕದಿಯುತ್ತಾರೆ ಅಂತ ಹೆದರಿದ್ದೆ. ಯಾರೂ ಮುಟ್ಟಲಿಲ್ಲ, ಯಾಕೆ ಅಂತ ಹೇಳಬೇಕಾಗಿಲ್ಲ. ಗುಟ್ಕಾ ಉಗಿಯುವವರಿಗೆ ಮಾತ್ರ ಇವತ್ತಿಗೂ ಪರಿಹಾರ ಸಿಕ್ಕಿಲ್ಲ.

ಈಗ ಫಿನಾಯಿಲ್ ಕಥೆ. ಹೊಸ ಮೂತ್ರದ ಪಿಎಚ್, ಅಂದರೆ ಹುಳಿ, ಕ್ಷಾರದ ಅಳತೆ, ಆರರ ಆಸುಪಾಸು. ಅದರಲ್ಲಿ ಹರಳು ಕೂರುವುದಿಲ್ಲ. ಮುಚ್ಚಿಟ್ಟರೆ ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಪಿಎಚ್ ಒಂಬತ್ತಕ್ಕೆ ಏರುತ್ತದೆ. ಆಮೇಲೆ ನಮ್ಮ ಕೆಲಸ. ನನ್ನ ಮೊದಲ ಡ್ರಮ್ಮುಗಳು ತಿಂಗಳಾದರೂ ಆರೂವರೆ ದಾಟಲಿಲ್ಲ. ಕಾಗದ ಹಳೆಯದಾಯಿತೇನೋ ಅಂತ ಹೊಸ ಪಿಎಚ್ ಪಟ್ಟಿ ತಂದೆ. ಅದೂ ಅಷ್ಟೇ ತೋರಿಸಿತು. ಒಂದು ಮದುವೆಯ ಬೆಳಿಗ್ಗೆ ಮಂಟಪಕ್ಕೆ ಹೋಗಿ ನೋಡಿದರೆ, ಕ್ಲೀನ್ ಮಾಡುವವನು ಬೇಸಿನ್ನಿಗೆ ಗಟ್ಟಿ ಫಿನಾಯಿಲ್ ಸುರಿದು, ಮೇಲೆ ಆಸಿಡ್ ಹಾಕಿ ಉಜ್ಜಿ, ಕೊನೆಗೆ ಮುಷ್ಟಿ ತುಂಬಾ ನುಸಿಗುಳಿಗೆ ಹಾಕುತ್ತಿದ್ದಾನೆ. ಫಿನಾಯಿಲಿಗೆ ಸೂಕ್ಷ್ಮಜೀವಿ ಸಾಯುತ್ತದೆ. ಆಸಿಡ್ ಅಂತೂ ಆದ ಹರಳನ್ನೂ ಕರಗಿಸುತ್ತದೆ. ಅವನಿಗೆ ತಿಂಗಳಿಗೆ ಇನ್ನೂರು ಕೊಟ್ಟು, ಬರೀ ಒದ್ದೆ ಬಟ್ಟೆಯಲ್ಲಿ ಒರೆಸು ಅಂದೆ. "ಫಿನಾಯಿಲ್ ಹಾಕದೇ ಇರೋದಕ್ಕೆ ದುಡ್ಡು ಕೊಡೋರು ನೀವೊಬ್ಬರೇ" ಅಂದ. ಅದೇ ನನ್ನ ಯೋಜನೆಯ ಅತಿ ಒಳ್ಳೆಯ ಖರ್ಚು.

ಫಿನಾಯಿಲ್ ನಿಂತ ಮೇಲೆ ಪಿಎಚ್ ತಾನಾಗೇ ಏರಿತು. ಈಗ ಡ್ರಮ್ಮು ಖಾಲಿ ಮಾಡುವಾಗ ತಳದಲ್ಲಿ ಒಂದು ಕೊಡ ಹಳೆಯದು ಬಿಡುತ್ತೇನೆ, ಮೊಸರಿಗೆ ಹೆಪ್ಪು ಬಿಟ್ಟ ಹಾಗೆ. ಮೂರು ನಾಲ್ಕು ವಾರ ಹಿಡಿಯುತ್ತಿದ್ದದ್ದು ಬೇಸಿಗೆಯಲ್ಲಿ ವಾರದೊಳಗೆ ಮುಗಿಯುತ್ತದೆ. ಒಂದು ಸಲ ಕಲ್ಲಂಗಡಿ ಬೀಜ ಅರೆದು ಹಾಕಿಯೂ ನೋಡಿದೆ. ಆ ಬೀಜದಲ್ಲಿ ಯೂರಿಯಾ ಒಡೆಯುವ ಕಿಣ್ವ ಜಾಸ್ತಿ. ಕೆಲಸ ಚೆನ್ನಾಗಿಯೇ ಆಯಿತು, ಆದರೆ ಬೀಜ ತೊಳೆದು ಅರೆಯುವ ಕೂಲಿ ಯಾರು ಕೊಡಬೇಕು? ಬಿಟ್ಟೆ.

ಹಿತ್ತಾಳೆ ನಲ್ಲಿ ಹಾಕಬೇಡಿ. ಅಂಗಡಿಯವನು ಬಾಳಿಕೆ ಬರುತ್ತದೆ ಅಂತ ಕೊಟ್ಟ. ಅಮೋನಿಯಾಗೆ ಅದು ಹಸಿರು ತಿರುಗಿ, ಬಿರುಕು ಬಿಟ್ಟು, ಒಂದು ರಾತ್ರಿ ಪೂರ್ತಿ ಡ್ರಮ್ಮು ಹಿತ್ತಲಿಗೆ ಹರಿಯಿತು. ಬೆಳಿಗ್ಗೆ ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡೇ ಮಾತಾಡಿದರು. ಈಗ ನಲ್ಲಿ, ಎಲ್ಬೋ, ಎಲ್ಲಾ ಪ್ಲಾಸ್ಟಿಕ್. ಪೈಪು ಡ್ರಮ್ಮಿನ ತಳದವರೆಗೆ ಇಳಿದಿರಬೇಕು, ಮುಚ್ಚಳ ಬಿಗಿಯಾಗಿರಬೇಕು. ಮೇಲಿನಿಂದ ಸುರಿದರೆ ಅಮೋನಿಯಾ ಹಾರಿಹೋಗುತ್ತದೆ. ಹಾರಿದ್ದು ಸಾರಜನಕ, ಅಂದರೆ ನಿಮ್ಮ ದುಡ್ಡೇ. ಸಣ್ಣ ಪೈಪು ಬೇಡ, ಎರಡು ಇಂಚಿಗಿಂತ ಕಡಿಮೆ ಹಾಕಲೇಬೇಡಿ. ಮೊದಲು ಬೇಸಿನ್ನಿಗೆ ಬೋರಿನ ಗಡಸು ನೀರು ಬಿಡುತ್ತಿದ್ದಾಗ ಅದರ ಸುಣ್ಣವೂ ಮೂತ್ರದ ರಂಜಕವೂ ಸೇರಿ ಪೈಪಿನೊಳಗೇ ಕಲ್ಲು ಕಟ್ಟಿತ್ತು. ಎಲ್ಬೋ ಬಿಚ್ಚಿ ನೋಡಿದರೆ ಪೆನ್ಸಿಲ್ ತೂರುವಷ್ಟೇ ದಾರಿ ಉಳಿದಿತ್ತು. ಡ್ರಮ್ಮಿಗೆ ಬರಬೇಕಾದ ರಂಜಕ ಪೈಪಿನಲ್ಲೇ ಕೂತಿತ್ತು.

ಮೆಗ್ನೀಷಿಯಂ ಎಲ್ಲಿಂದ ಅನ್ನುವುದೇ ಇಡೀ ಕೆಲಸದ ಜೀವಾಳ. ಗೊಬ್ಬರದ ಅಂಗಡಿಯ ಮೆಗ್ನೀಷಿಯಂ ಸಲ್ಫೇಟಿನಲ್ಲಿ ಶುರು ಮಾಡಿದೆ. 200 ಲೀಟರಿಗೆ ಅರ್ಧ ಕೆಜಿ ಹತ್ತಿರ ಬೇಕು. ಆಗ ಕೆಜಿಗೆ 25, 30 ರೂಪಾಯಿ ಇತ್ತು. ಒಂದು ಡ್ರಮ್ಮಿನಿಂದ ಒಣಗಿದ ಪುಡಿ 350 ಗ್ರಾಂ ಬಂದರೆ ಹೆಚ್ಚು. ಅಂದರೆ ಒಂದು ಕೆಜಿ ಪುಡಿಗೆ ಮೆಗ್ನೀಷಿಯಂ ಖರ್ಚೇ 40 ರೂಪಾಯಿ. ಡಿಎಪಿ 50 ಕೆಜಿ ಚೀಲಕ್ಕೆ 1350, ಕೆಜಿಗೆ 27. ಭಾವ ಬೆರಳು ಮಡಚಿ ಲೆಕ್ಕ ಹಾಕಿ, "ಭಾವಾ, ನೀನು ಉಚ್ಚೆ ಹೊತ್ತು ಕೆಜಿಗೆ ಹದಿಮೂರು ರೂಪಾಯಿ ಕಳೆದುಕೊಳ್ಳುತ್ತಿದ್ದೀಯಲ್ಲೋ" ಅಂದ. ಕೂಲಿ ಲೆಕ್ಕವನ್ನು ಅವನು ಹಿಡಿದೇ ಇರಲಿಲ್ಲ, ಪುಣ್ಯ.

ಹಾಗಾಗಿ ಅಗ್ಗದ ಮೆಗ್ನೀಷಿಯಂ ಹುಡುಕುತ್ತಾ ಹೋದೆ. ನೇಪಾಳದ ಸಿದ್ಧಿಪುರದಲ್ಲಿ ಇದೇ ಕೆಲಸ ಮಾಡಿದವರು ಮ್ಯಾಗ್ನಸೈಟ್ ಕಲ್ಲನ್ನು ಸುಟ್ಟು ನೋಡಿದ್ದರು. ನಮ್ಮಲ್ಲಿ ಮೈಸೂರಿನ ದೊಡ್ಡಕಾನ್ಯದ ಕಡೆ, ಸೇಲಂ ಕಡೆ ಆ ಕಲ್ಲಿದೆ. ಪರಿಚಯದವರಿಂದ ಒಂದು ಚೀಲ ತರಿಸಿ, ಚಿಪ್ಪಿನ ಸುಣ್ಣ ಸುಡುವ ಗೂಡಿನಲ್ಲಿ ಇಡಿಸಿದೆ. ಕೆಲವು ಸರಿಯಾಗಿ ಬೆಂದವು, ಕೆಲವು ಒಳಗೆ ಹಸಿಯೇ ಉಳಿದವು. ಪುಡಿ ಅರ್ಧ ಕರಗಿತು, ಉಳಿದದ್ದು ಹರಳಿನ ಜೊತೆ ಮರಳಾಗಿ ಕೂತಿತು. ಯಾವುದು ಗೊಬ್ಬರ, ಯಾವುದು ಕಲ್ಲು ಅಂತ ತಿಳಿಯದೇ ಹೋಯಿತು. ಒಲೆ ಬೂದಿ ಹಾಕಿ ನೋಡಿದೆ, ಅದರಲ್ಲಿ ಸುಣ್ಣದ ಅಂಶವೇ ಜಾಸ್ತಿ. ಬಂದದ್ದು ಮೆತ್ತನೆ ಕೆಸರು, ಬಟ್ಟೆಯಲ್ಲಿ ಸೋಸುವುದಕ್ಕೂ ಆಗಲಿಲ್ಲ. ಸಮುದ್ರದ ನೀರೂ ಹಾಕಿದೆ. ಲೀಟರಿಗೆ 1.3 ಗ್ರಾಂ ಮೆಗ್ನೀಷಿಯಂ ಇರುತ್ತದೆ. ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ಡ್ರಮ್ಮಿಗೆ 35 ಲೀಟರ್ ಹೊರಬೇಕು, ಉಪ್ಪೂ ಅಷ್ಟೇ ಬರುತ್ತದೆ, ಸುಣ್ಣವೂ ಬರುತ್ತದೆ.

ಕೊನೆಗೆ ಉತ್ತರ ಸಿಕ್ಕಿದ್ದು ಅಘನಾಶಿನಿಯ ಅಳಿವೆ ಬದಿಯ ಸಾಣಿಕಟ್ಟಾದಲ್ಲಿ. ಉಪ್ಪಿನ ಆಗರದಲ್ಲಿ ಉಪ್ಪು ಎಳೆದ ಮೇಲೆ ಗದ್ದೆಯಲ್ಲಿ ಒಂದು ಕಹಿ ನೀರು ಉಳಿಯುತ್ತದಲ್ಲ, ಅದನ್ನು ಹೊರಗೆ ಬಿಡುತ್ತಾರೆ. ಬೆರಳಿಗೆ ಹಚ್ಚಿದರೆ ಜಿಡ್ಡು ಜಿಡ್ಡು, ನಾಲಿಗೆಗೆ ಹಚ್ಚಿದರೆ ಉಪ್ಪಿಗಿಂತ ಕಹಿಯೇ ಮೊದಲು. ಸಮುದ್ರದ ನೀರು ಬಿಸಿಲಿಗೆ ಗಟ್ಟಿಯಾಗುತ್ತಾ ಹೋದಂತೆ ಮೊದಲು ಸುಣ್ಣದ ಅಂಶ ಜಿಪ್ಸಂ ಆಗಿ ಕೂರುತ್ತದೆ, ಆಮೇಲೆ ಉಪ್ಪು ಕೂರುತ್ತದೆ. ಕೊನೆಗೆ ಉಳಿದದ್ದರಲ್ಲಿ ಮೆಗ್ನೀಷಿಯಂ ತುಂಬಿರುತ್ತದೆ, ಸುಣ್ಣ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನಮಗೆ ಬೇಕಾದದ್ದೇ ಅದು. ಬೂದಿ, ಸಮುದ್ರದ ನೀರು ಎರಡೂ ಯಾಕೆ ಕೈಕೊಟ್ಟವು ಅಂತ ಆಗಲೇ ಹೊಳೆದದ್ದು. ಸುಣ್ಣ ಇದ್ದರೆ ಅದು ಅಡ್ಡ ಬಂದು ರಂಜಕವನ್ನು ತಾನೇ ಹಿಡಿಯುತ್ತದೆ. ಬಂದ ಕೆಸರು ಹರಳಾಗುವುದಿಲ್ಲ.

ಕಹಿನೀರಿಗೆ ಯಾರೂ ದುಡ್ಡು ಕೇಳಲಿಲ್ಲ. 20 ಲೀಟರಿನ ಕ್ಯಾನುಗಳನ್ನು ತುಂಬಿಸಿದ ಹುಡುಗರಿಗೆ ಚಾ ಖರ್ಚು, ನನ್ನ ಓಮ್ನಿಯ ಪೆಟ್ರೋಲು, ಅಷ್ಟೇ. ಒಂದು ಡ್ರಮ್ಮಿಗೆ ಒಂದರಿಂದ ಒಂದೂವರೆ ಲೀಟರ್ ಸಾಕು. ಒಂದು ಕ್ಯಾನು ಹದಿನೈದು ಡ್ರಮ್ಮಿಗೆ ಬರುತ್ತದೆ. ಸೀಸನ್ನಿನ ಕೊನೆಯ ನೀರೇ ತನ್ನಿ, ಮಾರ್ಚ್, ಏಪ್ರಿಲ್ ಹೊತ್ತಿನದು. ಉಪ್ಪುನೀರು ಎಷ್ಟು ಗಟ್ಟಿ ಅಂತ ಅಳೆಯುವ ಉಪ್ಪಿನವರ ಬೋಮೆ ಮಾಪಕ 30 ತೋರಿಸಬೇಕು. ಮಳೆ ಬಿದ್ದ ಮೇಲೆ ತಂದದ್ದು ನೀರೇ ನೀರು.

ಎಷ್ಟು ಹಾಕಬೇಕು ಅನ್ನುವುದನ್ನು ಪ್ರತಿ ಸಲ ಬಾಟಲಿಯಲ್ಲಿ ನೋಡುತ್ತೇನೆ. ಒಂದು ಲೀಟರಿನ ಬಾಟಲಿ ನಾಲ್ಕು ಸಾಲಾಗಿಟ್ಟು 4, 6, 8, 10 ಮಿಲಿ ಹಾಕಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯ ಫಾಸ್ಫೇಟ್ ನೋಡುವುದು. ಲ್ಯಾಬಿಗೆ ಕಳಿಸಿದರೆ ರಿಪೋರ್ಟ್ ಬರುವಷ್ಟರಲ್ಲಿ ಮದುವೆ ಸೀಸನ್ನೇ ಮುಗಿಯುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ತೊಟ್ಟಿಗೆ ಅಂತ ಫಾಸ್ಫೇಟ್ ಕಿಟ್ ಮಾರುತ್ತಾರೆ, ಸಾವಿರದ ಆಸುಪಾಸು. ಮೂತ್ರವನ್ನು ನೂರು ಪಟ್ಟು ಬ್ಯಾಟರಿ ನೀರಿನಲ್ಲಿ ತೆಳು ಮಾಡಿ ಹಾಕಿದರೆ ಕಡು ನೀಲಿ ಬರುತ್ತದೆ. ಹರಳು ಕೂತ ಮೇಲಿನ ತಿಳಿಯನ್ನು ಅಷ್ಟೇ ತೆಳು ಮಾಡಿ ಹಾಕಿದರೆ ನೀಲಿ ಕಾಣುವುದೇ ಕಷ್ಟ. ನನ್ನ ಮಂಟಪದ ಮೂತ್ರದಲ್ಲಿ ಲೀಟರಿಗೆ 200ರಿಂದ 250 ಮಿಲಿಗ್ರಾಂ ರಂಜಕ. ಹರಳು ತೆಗೆದ ಮೇಲೆ ಹತ್ತು ಹದಿನೈದು ಉಳಿದರೆ ಹೆಚ್ಚು.

ಬೆಂಗಳೂರಿನ ಸ್ನೇಹಿತರು ತಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕದ) ನೀರಿನಿಂದಲೂ ತೆಗೆಯಬಹುದಾ ಅಂತ ಕೇಳುತ್ತಾರೆ. ಆ ನೀರಿನಲ್ಲಿ ಲೀಟರಿಗೆ ಐದರಿಂದ ಹತ್ತು ಮಿಲಿಗ್ರಾಂ ಮಾತ್ರ. ಬೆಳ್ಳಂದೂರು ಕೆರೆ ಹಾಳು ಮಾಡುವುದಕ್ಕೆ ಅದು ಧಾರಾಳ ಸಾಕು, ಹರಳು ತೆಗೆಯುವುದಕ್ಕೆ ಸಾಲದು. ನೀರು ಬೆರೆಯುವ ಮೊದಲೇ ಹಿಡಿಯಬೇಕು. ಕಮೋಡಿನಲ್ಲಿ ಫ್ಲಶ್ ಒತ್ತಿದಿರೋ, ಕಥೆ ಮುಗಿಯಿತು.

ಕಲಕುವುದರಲ್ಲೂ ಕೈಚಳಕ ಇದೆ. ಮೊದಲು ಡ್ರಿಲ್ ಮೆಷಿನ್ನಿಗೆ ಬಣ್ಣ ಕಲಕುವ ಕಡ್ಡಿ ಸಿಕ್ಕಿಸಿ ಗಿರಗಿರ ತಿರುಗಿಸಿದೆ. ಹರಳು ಹಿಟ್ಟಿಗಿಂತ ನುಣ್ಣಗೆ ಬಂದು, ಅರ್ಧ ಬಟ್ಟೆಯಲ್ಲಿ ಸೋರಿಹೋಯಿತು, ಉಳಿದರ್ಧ ಬಟ್ಟೆಯ ಕಣ್ಣು ಮುಚ್ಚಿತು. ಈಗ ಮರದ ಹುಟ್ಟಿನಲ್ಲಿ ಹತ್ತು ನಿಮಿಷ ನಿಧಾನಕ್ಕೆ ತಿರುಗಿಸುತ್ತೇನೆ. ಕಹಿನೀರನ್ನು ಸಣ್ಣ ಧಾರೆಯಲ್ಲಿ ಬಿಡುತ್ತೇನೆ. ಹಿಂದಿನ ಸಲದ ಹರಳು ಎರಡು ಚಮಚ ಮೊದಲೇ ಹಾಕಿರುತ್ತೇನೆ, ಹೊಸದು ಅದರ ಮೇಲೇ ಬೆಳೆಯಲಿ ಅಂತ. ಎರಡು ಮೂರು ನಿಮಿಷಕ್ಕೆ ನೀರು ಮಬ್ಬಾಗುತ್ತದೆ. ಆಗ ಟಾರ್ಚ್ ಬಿಟ್ಟು ನೋಡಿ. ಹಳದಿ ನೀರಿನೊಳಗೆ ಸಣ್ಣ ಸಣ್ಣ ಚೂರುಗಳು ತಿರುಗುತ್ತಾ ಮಿಂಚುತ್ತವೆ, ಹುಟ್ಟು ನಿಲ್ಲಿಸಿದರೂ ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತವೆ. ಮೊದಲ ಸಲ ಅದನ್ನು ನೋಡಿದಾಗ ಮನೆಯವರನ್ನೆಲ್ಲಾ ಕೂಗಿ ಕರೆದೆ. ಬಂದವರು ವಾಸನೆಗೆ ಹಾಗೇ ವಾಪಸ್ ಹೋದರು.

ಸೋಸುವ ಬಟ್ಟೆಗೆ ಬಹಳ ದುಡ್ಡು ಹೋಯಿತು. ಹಳೇ ಪಂಚೆ, ಸಿಮೆಂಟ್ ಚೀಲ, ಪನೀರ್ ಬಟ್ಟೆ, ಕಾರ್ಖಾನೆಯವರ ಫಿಲ್ಟರ್ ಚೀಲ, ಎಲ್ಲಾ ನೋಡಿದೆ. ಈಗ ಬಳಸುತ್ತಿರುವುದು ಬೇರೆಯೇ ಒಂದು ಬಟ್ಟೆ, ಎಲ್ಲಾ ಊರಲ್ಲೂ ಸಿಗುತ್ತದೆ, ಮೀಟರಿಗೆ ಅರವತ್ತು ರೂಪಾಯಿ. ಅದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಇಷ್ಟು ದಿನ ನಗಿಸಿಕೊಂಡದ್ದಕ್ಕೆ ಒಂದಾದರೂ ನನ್ನ ಹತ್ತಿರ ಇರಲಿ. ನರ್ಸರಿಗೆ ಬಂದು ಕೈಯಾಡಿಸಿದವರಿಗೆ ತೋರಿಸುತ್ತೇನೆ.

ಒಣಗಿಸುವಾಗ ಒಂದು ಎಚ್ಚರ. ಏಪ್ರಿಲ್ ಬಿಸಿಲಲ್ಲಿ ತಗಡಿನ ಮೇಲೆ ಹರಡಿದೆ, ಬೇಗ ಆಗಲಿ ಅಂತ. ಮಧ್ಯಾಹ್ನ ಹೋಗಿ ನೋಡಿದರೆ ಮೂಗಿಗೆ ಹೊಡೆಯುವ ಅಮೋನಿಯಾ. ಸ್ಟ್ರುವೈಟ್ 55 ಡಿಗ್ರಿ ದಾಟಿದರೆ ಒಡೆಯುವುದಕ್ಕೆ ಶುರುವಾಗುತ್ತದೆ. ಅಮೋನಿಯಾ ಹೋಗುತ್ತದೆ, ನೀರಿನಂಶ ಹೋಗುತ್ತದೆ, ಹೊಳಪಿನ ಹರಳು ಸಪ್ಪೆ ಪುಡಿಯಾಗುತ್ತದೆ. ನಮ್ಮ ಕರಾವಳಿಯ ತಗಡು ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಈಗ ಅಡಿಕೆ ಅಟ್ಟದ ನೆರಳಲ್ಲಿ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಗಾಳಿಗೆ ಬಿಡುತ್ತೇನೆ. ನಾಲ್ಕೈದು ದಿನ ಹಿಡಿಯುತ್ತದೆ. ಪೂರ್ತಿ ಒಣಗಿದರೆ ವಾಸನೆ ಇರುವುದಿಲ್ಲ, ರೋಗಾಣುಗಳಿಗೂ ಒಣಗು ಒಗ್ಗುವುದಿಲ್ಲ. ಆದರೂ ಕೈಗವಸು ಹಾಕಿಯೇ ಮುಟ್ಟುತ್ತೇನೆ. ಸೊಪ್ಪು ತರಕಾರಿಗೆ ಹಾಕುವುದಿಲ್ಲ. ಮಾತ್ರೆ, ಔಷಧಿಯ ಅಂಶ ಹರಳಿಗೆ ಬರುವುದು ತೀರಾ ಕಡಿಮೆ, ಬಹುಪಾಲು ನೀರಿನಲ್ಲೇ ಉಳಿಯುತ್ತದೆ.

ಅದೇ ನೀರಿನ ವಿಷಯ. ಹರಳು ತೆಗೆದರೆ ರಂಜಕ ಹೋಗುತ್ತದೆ, ಸಾರಜನಕ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಅದನ್ನು ಚೆಲ್ಲಿದರೆ ಮಾಡಿದ ಅರ್ಧ ಕೆಲಸ ನೀರುಪಾಲು. ಅಡಿಕೆ ಬುಡಕ್ಕೆ ಗುದ್ದಲಿಯಲ್ಲಿ ಗೆರೆ ತೆಗೆದು, ಒಂದಕ್ಕೆ ಐದು ಪಾಲು ನೀರು ಬೆರೆಸಿ, ಹಾಕಿ ಕೂಡಲೇ ಮಣ್ಣು ಮುಚ್ಚುತ್ತೇನೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಿಂದೆಯೇ ಮನುಷ್ಯರ ಮೂತ್ರವನ್ನು ಬಾಳೆಗೆ, ಮೆಕ್ಕೆಜೋಳಕ್ಕೆ ಹಾಕಿ ನೋಡಿದ್ದಾರೆ, ಹಾಗಾಗಿ ಇದೇನೂ ಹೊಸದಲ್ಲ. ಹರಳು ಮಾಡುವ ತಾಪತ್ರಯ ಯಾಕೆ, ಮೂತ್ರವನ್ನೇ ಹಾಕಬಾರದಾ ಅಂತ ಕೇಳಬಹುದು. ತೋಟ ಮಂಟಪದ ಪಕ್ಕದಲ್ಲೇ ಇದ್ದರೆ ಹಾಕಿ. ನರ್ಸರಿಯ ಸಸಿಗೆ ಹಾಕಿದರೆ ಉಪ್ಪಿಗೇ ಸುಟ್ಟುಹೋಗುತ್ತದೆ. ಜೊತೆಗೆ 500 ಲೀಟರ್ ಹೊರುವುದಕ್ಕಿಂತ ಒಂದು ಕೆಜಿ ಡಬ್ಬಿ ಹಿಡಿದು ಹೋಗುವುದು ಸುಲಭ.

ಗೋಮೂತ್ರದಲ್ಲಿ ಆಗುತ್ತಾ ಅಂತ ಕೇಳದವರಿಲ್ಲ. ನಾನೂ ಮಾಡಿ ನೋಡಿದೆ. ಏನೂ ಕೂರಲಿಲ್ಲ. ದನದ ರಂಜಕ ಸಗಣಿಯಲ್ಲಿ ಹೋಗುತ್ತದೆ, ಮೂತ್ರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಈ ಒಂದು ವಿಷಯದಲ್ಲಿ ಮನುಷ್ಯರೇ ಮೇಲು. ಇದನ್ನು ನಮ್ಮ ಸೊಸೈಟಿಯ ಸಭೆಯಲ್ಲಿ ಹೇಳಿ ಬೈಸಿಕೊಂಡಿದ್ದೇನೆ.

ಈಗ ದುಡ್ಡು. ಡ್ರಮ್ಮು ಒಂದಕ್ಕೆ ಸಾವಿರದಂತೆ ಎಂಟು, ಪೈಪು, ಪ್ಲಂಬರು, ಸಣ್ಣ ಪಂಪು, ಸ್ಟ್ಯಾಂಡು, ಎಲ್ಲಾ ಸೇರಿ ಇಪ್ಪತ್ತೈದು ಮೂವತ್ತು ಸಾವಿರ ಹೋಗಿರಬೇಕು. ಒಳ್ಳೆ ಸೀಸನ್ನಿನಲ್ಲಿ ಏಳೆಂಟು ಸಾವಿರ ಲೀಟರ್ ಮೂತ್ರ ಬರುತ್ತದೆ. ಪುಡಿ ಹನ್ನೆರಡು ಕೆಜಿ ಆಸುಪಾಸು. ರಂಜಕದ ಲೆಕ್ಕದಲ್ಲಿ ಅದು ಏಳೆಂಟು ಕೆಜಿ ಡಿಎಪಿಗೆ ಸಮ. ಅಂದರೆ 200 ರೂಪಾಯಿ! ಭಾವ ಇದನ್ನು ಮದುವೆ ಊಟದ ಪಂಕ್ತಿಯಲ್ಲಿ ಕೂತು ಹತ್ತು ಜನಕ್ಕೆ ಕೇಳುವ ಹಾಗೆ ಹೇಳಿದ. ಅದೂ ನನ್ನ ಡ್ರಮ್ಮಿಗೆ ಸರಕು ಕೊಡುವ ಅದೇ ಮಂಟಪದಲ್ಲಿ.

ಲೆಕ್ಕ ಸರಿಯೇ. ಹೋಲಿಸಿದ್ದು ತಪ್ಪು. ಸರ್ಕಾರ ಅರ್ಧ ದುಡ್ಡು ಕಟ್ಟಿ ಕೊಡುವ ಡಿಎಪಿ ಜೊತೆ ಪೈಪೋಟಿಗೆ ನಿಂತರೆ ಯಾರೂ ಗೆಲ್ಲುವುದಿಲ್ಲ. ಆದರೆ ನರ್ಸರಿ ಚೀಲಕ್ಕೆ ನಾವು ಡಿಎಪಿ ಹಾಕುತ್ತೇವಾ? ಹಾಕಿದವರಿಗೆ ಗೊತ್ತು. ಎಳೆ ಬೇರು ಸುಟ್ಟು, ಮೆಣಸಿನ ಬಳ್ಳಿ ಬುಡದಲ್ಲೇ ಕಪ್ಪಾಗುತ್ತದೆ. ಅದಕ್ಕೇ ನಿಧಾನವಾಗಿ ಕರಗುವ ಲೇಪದ ಗುಳಿಗೆ ತರುತ್ತೇವೆ, ಕೆಜಿಗೆ ನಾನ್ನೂರು ಐನೂರು ಕೊಟ್ಟು. ಸ್ಟ್ರುವೈಟ್ ಆ ಗುಳಿಗೆಯ ಜಾತಿಯದ್ದು. ನೀರಿಗೆ ಬಹಳ ಕಡಿಮೆ ಕರಗುತ್ತದೆ, ಬೇರು ಬಿಡುವ ಹುಳಿಗೆ ಮತ್ತು ನಮ್ಮ ಹುಳಿ ಮಣ್ಣಿಗೆ ನಿಧಾನಕ್ಕೆ ಕರಗುತ್ತದೆ. ರಂಜಕ 12 ಶೇಕಡದ ಮೇಲೆ, ಜೊತೆಗೆ ಸಾರಜನಕ ಐದಾರು, ಮೆಗ್ನೀಷಿಯಂ ಹತ್ತರ ಹತ್ತಿರ. ಪೊಟ್ಯಾಷ್ ಮಾತ್ರ ಇಲ್ಲ, ಅದನ್ನು ಬೇರೆ ಕೊಡಬೇಕು. ಬಯಲುಸೀಮೆಯ ಸುಣ್ಣದ ಕಪ್ಪು ಮಣ್ಣಿನವರು ನನ್ನ ಮಾತು ನಂಬಿ ಹೊರಡಬೇಡಿ. ಅಲ್ಲಿ ಇನ್ನೂ ನಿಧಾನ.

ಒಂದು ಚೀಲಕ್ಕೆ ಎರಡು ಗ್ರಾಂ, ಮಣ್ಣು ಮರಳು ಸಗಣಿಗೊಬ್ಬರ ಮಿಶ್ರಣ ಮಾಡುವಾಗಲೇ ಸೇರಿಸುತ್ತೇನೆ. ಹನ್ನೆರಡು ಕೆಜಿ ಅಂದರೆ ಆರು ಸಾವಿರ ಚೀಲ. ಗುಳಿಗೆಯ ಖರ್ಚು ಐದಾರು ಸಾವಿರ ಉಳಿಯಿತು. ಅದಕ್ಕಿಂತ ದೊಡ್ಡದು, ಸಾಯುವ ಬಳ್ಳಿ ಕಡಿಮೆಯಾದದ್ದು. ಮೊದಲು ನೂರಕ್ಕೆ ಇಪ್ಪತ್ತು ಹೋಗುತ್ತಿದ್ದವು, ಈಗ ಹತ್ತು ಹನ್ನೆರಡು. ಬಳ್ಳಿಗೆ ಇಪ್ಪತ್ತು ರೂಪಾಯಿ ಹಿಡಿದು ನೀವೇ ಲೆಕ್ಕ ಹಾಕಿ. ಪೂರ್ತಿ ಪುಡಿಯ ಪುಣ್ಯ ಅಂತ ಹೇಳಲಾರೆ, ಅದೇ ವರ್ಷ ನೆರಳು ಬಲೆಯನ್ನೂ ಬದಲಿಸಿದ್ದೆ. ಆದರೆ ಪಕ್ಕದಲ್ಲೇ ಗುಳಿಗೆ ಹಾಕಿದ ಒಂದು ಸಾಲು ಬಿಟ್ಟಿದ್ದೆ. ಬಂದವರಿಗೆ ಎರಡೂ ಸಾಲು ತೋರಿಸಿ ಯಾವುದು ಯಾವುದು ಹೇಳಿ ಅಂದರೆ ಯಾರಿಗೂ ಹೇಳುವುದಕ್ಕೆ ಆಗಲಿಲ್ಲ. ಕೃಷಿ ವಿಜ್ಞಾನ ಕೇಂದ್ರದಿಂದ ಬಂದವರೂ ಸೇರಿ.

ತೋಟಕ್ಕೆ ಹಾಕುವಷ್ಟು ಆಗುತ್ತಾ? ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸು. ಆ ನಲವತ್ತು ಶುದ್ಧ ರಂಜಕ ಅಲ್ಲ, ಗೊಬ್ಬರದವರ ಪಿ2ಒ5 (ಆಮ್ಲಜನಕ ಸೇರಿದ ರಂಜಕ) ಲೆಕ್ಕ. ಅದಕ್ಕೆ 140 ಗ್ರಾಂ ಪುಡಿ ಬೇಕು, ಅಂದರೆ ಎಪ್ಪತ್ತು ಎಂಬತ್ತು ಲೀಟರ್ ಮೂತ್ರ. ಒಬ್ಬ ಮನುಷ್ಯನ ವರ್ಷದ ಮೂತ್ರ ಆರೇಳು ಮರಕ್ಕೆ. ಎಕರೆಗೆ 550 ಮರ ಇಟ್ಟವರು ಎಷ್ಟು ಜನ ನೆಂಟರು ಬೇಕು ಅಂತ ನೋಡಿಕೊಳ್ಳಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ವರ್ಷಗಟ್ಟಲೆ ಡಿಎಪಿ ಸುರಿದ ತೋಟಕ್ಕೆ ಇನ್ನು ನಾಲ್ಕು ವರ್ಷ ರಂಜಕವೇ ಬೇಡದೇ ಇರಬಹುದು. ಅದಕ್ಕಿಂತ ಅಗ್ಗದ ವಿಧಾನ ನನಗೆ ಗೊತ್ತಿಲ್ಲ.

ಪುಡಿ ಮಾರುತ್ತೀರಾ ಅಂತ ಕೇಳುವವರಿಗೆ ಒಂದು ಮಾತು. ರಸಗೊಬ್ಬರ ನಿಯಂತ್ರಣ ಆದೇಶ 1985ರಿಂದ ಇದೆ, ಪರವಾನಗಿ ಇಲ್ಲದೆ ಗೊಬ್ಬರ ಅಂತ ಚೀಲಕ್ಕೆ ತುಂಬಿ ಮಾರುವ ಹಾಗಿಲ್ಲ. ನಾನು ಮಾರುವುದು ಸಸಿ. ಪುಡಿ ಅದರ ಮಣ್ಣಿನಲ್ಲಿರುತ್ತದೆ. ಜರ್ಮನಿಯಲ್ಲಿ 2017ರಲ್ಲೇ ಕಾನೂನು ಮಾಡಿ, ದೊಡ್ಡ ಕೊಳಚೆ ಘಟಕಗಳು 2029ರಿಂದ ರಂಜಕ ವಾಪಸ್ ತೆಗೆಯಲೇಬೇಕು ಅಂದಿದ್ದಾರೆ. ಆ ದೇಶದ ಹ್ಯಾಂಬರ್ಗ್ ಊರಿಗೂ ಇದಕ್ಕೂ ಏನೋ ನಂಟು. 1669ರಲ್ಲಿ ಹೆನ್ನಿಗ್ ಬ್ರಾಂಡ್ ಅನ್ನುವವನು ಚಿನ್ನ ಮಾಡುತ್ತೇನೆ ಅಂತ ಮೂತ್ರ ಕುದಿಸಿ ರಂಜಕ ಕಂಡದ್ದು ಅಲ್ಲೇ. 1845ರಲ್ಲಿ ಚರ್ಚಿನ ಪಾಯ ಅಗೆಯುವಾಗ ಹಳೇ ಕೊಳಚೆ ಮಣ್ಣಿನಲ್ಲಿ ಸ್ಟ್ರುವೈಟ್ ಹರಳು ಸಿಕ್ಕಿದ್ದೂ ಅಲ್ಲೇ. ಬ್ರಾಂಡನಿಗೂ ಮನೆಯಲ್ಲಿ ಬೈಗುಳ ಬಿದ್ದೇ ಇರಬೇಕು.

ನನಗಿನ್ನೂ ಬಗೆಹರಿಯದೇ ಇರುವುದು ಮೇ ತಿಂಗಳ ಕೊನೆ. ಮದುವೆಗಳೆಲ್ಲಾ ಒಟ್ಟಿಗೆ ಬಂದು ಎಂಟೂ ಡ್ರಮ್ಮು ತುಂಬಿರುತ್ತವೆ, ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಹರಳು ತೆಗೆದರೂ ಒಣಗುವುದಿಲ್ಲ. ಹಸಿಯಾಗಿ ಚೀಲ ಕಟ್ಟಿಟ್ಟರೆ ಬೂಷ್ಟು ಹಿಡಿದು ಗಟ್ಟಿ ಉಂಡೆಯಾಗುತ್ತದೆ. ಹೊಗೆ ಅಟ್ಟದಲ್ಲಿ ಇಟ್ಟರೆ ಒಂದು ಕಡೆ ಕಾದು ಅಮೋನಿಯಾ ಬಿಡುತ್ತದೆ, ಇನ್ನೊಂದು ಕಡೆ ಹಸಿ. 45 ಡಿಗ್ರಿಗೆ ನಿಲ್ಲುವ ಡ್ರೈಯರ್ ಇದ್ದರೆ ಕೆಲಸ ಸಲೀಸು. ಅಂಥ ಅಡಿಕೆ ಡ್ರೈಯರ್ ನಮ್ಮ ಕಡೆ ಇರುವುದು ಭಾವನ ಮನೆಯಲ್ಲಿ. ಕೇಳಿದ್ದೇನೆ. ಡ್ರೈಯರ್ ಕೊಡಬೇಕಾದರೆ ಬಟ್ಟೆ ಯಾವುದು ಅಂತ ಮೊದಲು ಹೇಳು ಅನ್ನುತ್ತಿದ್ದಾನೆ.